ಗಾಳಿಯೇ ಕಂಬವಾದಾಗ



ತುಮಕೂರಿನ ಸಿದ್ಧಗಂಗೆಯಲ್ಲಿ ಮಹಾಶಿವರಾತ್ರಿಯ ಆಸುಪಾಸಿನಲ್ಲಿ ನಡೆಯುವ ದನಗಳ ಜಾತ್ರೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ದೂರದ ಊರುಗಳಿಂದ ಜೋಡೆತ್ತು ಹೊಡೆದುಕೊಂಡು ಬಂದ ರೈತರು ಅವುಗಳ ತಲೆಯ ಮೇಲೆ ನೆರಳು ಕಟ್ಟುತ್ತಾರೆ. ಕೆಲವರದು ಬಣ್ಣಬಣ್ಣದ ಶಾಮಿಯಾನ. ಕೆಲವರದು ನಾಲ್ಕು ಗಳು ನೆಟ್ಟು ಬಿಗಿದ ಟಾರ್ಪಾಲು. ಅವರು ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಬಟ್ಟೆಯನ್ನು ಬಿಚ್ಚುವ ಮೊದಲು ಅವರ ಕಣ್ಣು ನೆಲದ ಮೇಲಿರುತ್ತದೆ, ಆಮೇಲೆ ಗಾಳಿ ಬೀಸುವ ದಿಕ್ಕಿನ ಮೇಲೆ. ನೆಲ ಗಟ್ಟಿಯೋ ಸಡಿಲವೋ, ಬೆನ್ನನ್ನು ಯಾವ ಕಡೆಗೆ ಮಾಡಬೇಕು, ಮಳೆ ಬಂದರೆ ನೀರು ಎತ್ತ ಹರಿಯುತ್ತದೆ — ಇಷ್ಟನ್ನೂ ಅವರು ಮಾತಿಲ್ಲದೆ ಲೆಕ್ಕ ಹಾಕುತ್ತಾರೆ.

ಈ ಲೇಖನದ ವಿಷಯ ಹೊಸ ಕಾಲದ ಒಂದು ಚಪ್ಪರ. ಆದರೆ ಅದನ್ನು ಆರಿಸಲು ಬೇಕಾದ ಬುದ್ಧಿ ಆ ರೈತರದೇ.

ಗಾಲಿಯ ಮನೆ, ಗಾಳಿಯ ಜಗಲಿ

ಕ್ಯಾರವಾನ್ ಎಂಬ ಮಾತನ್ನು ನೀವು ಸಿನಿಮಾ ಸುದ್ದಿಗಳಲ್ಲಿ ಕೇಳಿದ್ದೀರಿ. ಚಿತ್ರೀಕರಣದ ನಡುವೆ ನಟ ನಟಿಯರು ವಿಶ್ರಾಂತಿ ಪಡೆಯುವ ವಾಹನ ಅದು. ಮಲಗಲು ಹಾಸಿಗೆ, ಅಡಿಗೆಗೆ ಒಲೆ, ಬಟ್ಟೆ ಬದಲಿಸಲು ಜಾಗ, ಎಲ್ಲವನ್ನೂ ಗಾಲಿಗಳ ಮೇಲಿಟ್ಟ ಪುಟ್ಟ ಮನೆ. ಪ್ರವಾಸಕ್ಕೂ ಇಂಥ ವಾಹನಗಳು ಈಗ ಬಾಡಿಗೆಗೆ ಸಿಗುತ್ತವೆ. ಈ ಮನೆಗೆ ಒಂದು ಕೊರತೆಯುಂಟು: ಜಗಲಿ ಇಲ್ಲ. ಕಾಲು ಚಾಚಿ ಕೂರಲು, ಮಳೆಯಲ್ಲಿ ಚಪ್ಪಲಿ ಬಿಡಲು, ನಾಲ್ಕು ಜನ ಒಟ್ಟಿಗೆ ಊಟ ಮಾಡಲು ಒಳಗೆ ಸ್ಥಳ ಸಾಲದು. ಆದ್ದರಿಂದ ವಾಹನದ ಬಾಗಿಲ ಬದಿಗೆ ಒಂದು ಬಟ್ಟೆಯ ಚಪ್ಪರವನ್ನು ಜೋಡಿಸುತ್ತಾರೆ. ಇದಕ್ಕೆ ಆನಿಂಗ್ ಎಂದು ಹೆಸರು. ಹಿಂದೆ ಇದನ್ನು ಉಕ್ಕಿನ ಅಥವಾ ಅಲ್ಯೂಮಿನಿಯಮ್ ಕೊಳವೆಗಳು ಹೊರುತ್ತಿದ್ದವು. ಈಗ ಅವುಗಳ ಜೊತೆಗೆ, ಕಂಬಗಳ ಬದಲು ಗಾಳಿ ತುಂಬಿದ ರಬ್ಬರಿನಂಥ ಕೊಳವೆಗಳು ಹೊರುವ ಚಪ್ಪರಗಳೂ ಬಂದಿವೆ. ಇವನ್ನು ನಾವು ಗಾಳಿಚಪ್ಪರ ಎಂದು ಕರೆಯೋಣ.

ಇಂಥ ಚಪ್ಪರವನ್ನು ಆರಿಸಬೇಕಾದರೆ ನಮಗೊಂದು ನಿರ್ದಿಷ್ಟ ಜಾಗ ಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಸೀಮೆಯನ್ನೇ ತೆಗೆದುಕೊಳ್ಳೋಣ. ಕಾವಲ್ ಎಂದರೆ ಮೇವಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಅದರ ದನಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಬೇರೆ ಬೇರೆ ಕಾವಲುಗಳಿದ್ದವು. ಋತುವಿಗೆ ತಕ್ಕ ಜಾಗ, ಜಾಗಕ್ಕೆ ತಕ್ಕ ಬಿಡಾರ ಎಂಬ ತಿಳಿವಳಿಕೆ ಈ ನಾಡಿಗೆ ಹಳೆಯದು. ಬಿದರೆಹಳ್ಳ ಕಾವಲಿನಲ್ಲಿ 2016ರ ಜನವರಿಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. 615 ಎಕರೆಯ ಈ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು.

ಈಗ ಹೀಗೆ ಊಹಿಸಿಕೊಳ್ಳಿ. ಜೂನ್ ತಿಂಗಳ ಒಂದು ಸಂಜೆ ಒಂದು ಕುಟುಂಬ ಕ್ಯಾರವಾನಿನಲ್ಲಿ ಈ ಕಡೆ ಬಂದಿದೆ. ಊರಿನ ಒಬ್ಬ ರೈತರ ಅನುಮತಿ ಪಡೆದು ಅವರ ಬಯಲು ಹೊಲದಲ್ಲಿ ರಾತ್ರಿ ತಂಗಲಿದೆ. ಯಾವ ಚಪ್ಪರ ಅವರನ್ನು ಕಾಪಾಡೀತು?

ಗಾಳಿ ಕಂಬವಾಗುವುದು ಹೇಗೆ?

ಬೈಸಿಕಲ್ಲಿನ ಟ್ಯೂಬನ್ನು ಹೊರತೆಗೆದು ಕೈಯಲ್ಲಿ ಹಿಡಿಯಿರಿ. ಸೊಂಡಿಲಿನಂತೆ ಜೋತು ಬೀಳುತ್ತದೆ. ಅದನ್ನೇ ಟೈರಿನೊಳಗೆ ಕೂರಿಸಿ ಗಾಳಿ ಹೊಡೆದರೆ ನಿಮ್ಮನ್ನೂ ಹಿಂದೆ ಕುಳಿತ ತಮ್ಮನನ್ನೂ ಹೊರುತ್ತದೆ. ಇಲ್ಲಿ ಕೆಲಸ ಎರಡು ಪಾಲಾಗಿದೆ. ಟ್ಯೂಬಿನ ಕೆಲಸ ಗಾಳಿಯನ್ನು ಹೊರಹೋಗದಂತೆ ಹಿಡಿಯುವುದು. ಟೈರಿನ ಕೆಲಸ ಆ ಗಾಳಿಯ ತಳ್ಳುವಿಕೆಯನ್ನು ತಡೆದು ಆಕಾರ ಕಾಯುವುದು. ಗಾಳಿ ತುಂಬಿದ ಗಾಲಿಯನ್ನು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಬಳಕೆಗೆ ತಂದರು. ಅವರಿಗಿಂತ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಮ್ ಥಾಮ್ಸನ್ ಅದಕ್ಕೆ ಪೇಟೆಂಟ್ ಪಡೆದಿದ್ದರು.

ಗಾಳಿಚಪ್ಪರದ ಕಂಬವೂ ಹೀಗೆಯೇ. ಒಳಗೆ ತೆಳುವಾದ ಪ್ಲಾಸ್ಟಿಕ್ ಚೀಲ. ಹೊರಗೆ ಗಟ್ಟಿ ಪಾಲಿಯೆಸ್ಟರ್ ಬಟ್ಟೆಯ ಕವಚ. ಗಾಳಿ ತುಂಬಿದಾಗ ಕವಚದ ನೂಲುಗಳೆಲ್ಲ ಬಿಗಿಯುತ್ತವೆ. ಬಿಗಿದ ಬಟ್ಟೆಯನ್ನು ಬಗ್ಗಿಸಬೇಕಾದರೆ ಒಂದು ಬದಿಯ ಬಿಗಿತವನ್ನು ಪೂರ್ತಿ ಕಳೆಯಬೇಕು. ಅಲ್ಲಿಯವರೆಗೆ ಕೊಳವೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ಮೀರಿದರೆ ಆ ಬದಿಯಲ್ಲಿ ಸುಕ್ಕು ಮೂಡಿ ಮಡಿಯುತ್ತದೆ. ಗಾಳಿಯ ರಭಸ ಇಳಿದೊಡನೆ ಮತ್ತೆ ಎದ್ದು ನಿಲ್ಲುತ್ತದೆ. ಲೋಹದ ಕಂಬ ಒಮ್ಮೆ ಬಾಗಿದರೆ ಬಾಗಿದಂತೆಯೇ. ಗಾಳಿಕಂಬದ ಮುಖ್ಯ ಗುಣ ಇದು.

ಜಾತ್ರೆಗಳಲ್ಲಿ ಮಕ್ಕಳು ಕುಣಿಯುವ ಗಾಳಿಕೋಟೆಗೂ ಇದಕ್ಕೂ ವ್ಯತ್ಯಾಸವಿದೆ. ಗಾಳಿಕೋಟೆಯ ಹೊಲಿಗೆಗಳಿಂದ ಗಾಳಿ ಸೋರುತ್ತಲೇ ಇರುತ್ತದೆ, ಹಿಂಬದಿಯ ವಿದ್ಯುತ್ ಊದುಯಂತ್ರ ತುಂಬುತ್ತಲೇ ಇರುತ್ತದೆ. ಕರೆಂಟು ಹೋದರೆ ಕೋಟೆ ಕುಸಿಯುತ್ತದೆ. ಚಪ್ಪರದ ಕೊಳವೆಗೆ ಒಮ್ಮೆ ತುಂಬಿ ಮುಚ್ಚಿದರೆ ಮುಗಿಯಿತು. ಆದ್ದರಿಂದ ಕರೆಂಟಿಲ್ಲದ ಬಯಲಿಗೆ ಇದು ಒಗ್ಗುತ್ತದೆ.

ಒತ್ತಡ ಮುಖ್ಯವೋ, ದಪ್ಪವೋ?

ಅಂಗಡಿಯವರು ಒತ್ತಡದ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಕ್ಯಾರವಾನ್ ಚಪ್ಪರಗಳ ಕೊಳವೆಗಳಲ್ಲಿ ಸಾಮಾನ್ಯವಾಗಿ 6ರಿಂದ 9 ಪಿಎಸ್‌ಐ ಒತ್ತಡವಿರುತ್ತದೆ. ಕಾರಿನ ಟೈರಿನಲ್ಲಿ ಸುಮಾರು 30 ಪಿಎಸ್‌ಐ ಇರುವುದನ್ನು ನೆನೆದರೆ ಇದು ಕಡಿಮೆಯೇ. ಹಾಗಾದರೆ ಹೆಚ್ಚು ಒತ್ತಡವಿದ್ದದ್ದೇ ಹೆಚ್ಚು ಬಲವಾದದ್ದೇ?

ಇಲ್ಲಿ ಗಣಿತ ನಮಗೆ ನೆರವಾಗುತ್ತದೆ. ಕೊಳವೆಯನ್ನು ಸುಕ್ಕುಗಟ್ಟಿಸಲು ಬೇಕಾದ ಬಾಗುಬಲ ಒತ್ತಡಕ್ಕೆ ನೇರ ಅನುಪಾತದಲ್ಲಿದೆ, ತ್ರಿಜ್ಯದ ಘನಕ್ಕೂ ನೇರ ಅನುಪಾತದಲ್ಲಿದೆ. ಅಂದರೆ ಒತ್ತಡ ಎರಡರಷ್ಟಾದರೆ ಬಲ ಎರಡರಷ್ಟು; ದಪ್ಪ ಎರಡರಷ್ಟಾದರೆ ಬಲ ಎಂಟರಷ್ಟು. ಆದರೆ ಕವಚದ ಬಟ್ಟೆಯ ಮೇಲಿನ ಎಳೆತ ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧ. ದಪ್ಪವನ್ನು ಎರಡರಷ್ಟು ಮಾಡಿ ಒತ್ತಡವನ್ನು ಅರ್ಧಕ್ಕಿಳಿಸಿದರೆ ಬಟ್ಟೆಯ ಮೇಲಿನ ಎಳೆತ ಮೊದಲಿನಷ್ಟೇ ಉಳಿದು, ಕಂಬದ ಬಲ ನಾಲ್ಕರಷ್ಟಾಗುತ್ತದೆ! 1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ವಿಶ್ವಮೇಳಕ್ಕೆ ಯುಟಾಕಾ ಮುರಾಟಾ ಎಂಬ ವಾಸ್ತುಶಿಲ್ಪಿ ಫ್ಯೂಜಿ ಮಂಟಪವನ್ನು ರೂಪಿಸಿದಾಗ ಹದಿನಾರು ಗಾಳಿಕಮಾನುಗಳನ್ನು ಸಾಲಾಗಿ ನಿಲ್ಲಿಸಿದರು. ಒಂದೊಂದು ಕಮಾನಿನ ಅಡ್ಡಳತೆ 4 ಮೀಟರು. ಬಿರುಗಾಳಿ ಬಂದಾಗ ಒಳಗಿನ ಒತ್ತಡವನ್ನು ಏರಿಸುವ ಏರ್ಪಾಡೂ ಅದರಲ್ಲಿತ್ತು.

ಆದ್ದರಿಂದ ಚಪ್ಪರ ಕೊಳ್ಳುವಾಗ ಒತ್ತಡದ ಅಂಕಿಯ ಜೊತೆಗೆ ಕೊಳವೆಯ ದಪ್ಪವನ್ನೂ ಅಳೆದು ನೋಡಬೇಕು. ಕಂಬಗಳು ಎಷ್ಟು, ಅವುಗಳ ನಡುವೆ ಅಂತರವೆಷ್ಟು ಎಂಬುದನ್ನೂ ಕೇಳಬೇಕು. ಕೆಲವು ಚಪ್ಪರಗಳಲ್ಲಿ ಒಂದೇ ಬಾಯಿಂದ ಎಲ್ಲ ಕಂಬಗಳಿಗೂ ಗಾಳಿ ಹೋಗುತ್ತದೆ. ತುಂಬುವುದು ಸುಲಭ, ಆದರೆ ಒಂದು ಕಂಬ ತೂತಾದರೆ ಎಲ್ಲವೂ ಇಳಿಯಬಹುದು. ಕಂಬಕ್ಕೊಂದು ಮುಚ್ಚುವ ಕವಾಟವಿದ್ದರೆ ಆ ಭಯವಿಲ್ಲ. ಒಳಗಿನ ಚೀಲವನ್ನು ಹೊರತೆಗೆದು ಪಂಕ್ಚರ್ ಹಾಕಲು ಕವಚಕ್ಕೆ ಜಿಪ್ ಇದೆಯೇ ಎಂಬುದು ಮತ್ತೊಂದು ಪ್ರಶ್ನೆ. ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಪಂಕ್ಚರ್ ಅಂಗಡಿ ಇಲ್ಲದ ದೊಡ್ಡ ಊರಿಲ್ಲ. ಆದರೆ ಚೀಲ ಕೈಗೆ ಸಿಕ್ಕದಿದ್ದರೆ ಅಂಗಡಿಯವನೂ ಏನೂ ಮಾಡಲಾರ.

ಬಿಸಿಲೇರಿದಂತೆ ಒತ್ತಡವೂ

ಮುಚ್ಚಿದ ಪಾತ್ರೆಯಲ್ಲಿ ಅನಿಲದ ಒತ್ತಡ ಅದರ ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿರುತ್ತದೆ ಎಂದು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ನಿಯಮ ಇಲ್ಲಿ ಹೇಗೆ ಜೀವ ತಳೆಯುತ್ತದೆ ನೋಡಿ.

ತುಮಕೂರು ಸುತ್ತಲಿನ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಸುಮಾರು 13.4 ಪಿಎಸ್‌ಐ. ಬೆಳಗಿನ ಜಾವ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಂಪಿನ ಮಾಪಕ ನೋಡಿ 7 ಪಿಎಸ್‌ಐ ತುಂಬಿದಿರಿ ಎನ್ನೋಣ. ಕೊಳವೆಯೊಳಗಿನ ನಿಜವಾದ ಒತ್ತಡ 20.4. ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಕಾದು ಒಳಗಿನ ಗಾಳಿ 50 ಡಿಗ್ರಿ ಮುಟ್ಟಿತು. ಕೆಲ್ವಿನ್ ಮಾನದಲ್ಲಿ 293 ಇದ್ದದ್ದು 323 ಆಯಿತು. 20.4ನ್ನು 323ರಿಂದ ಗುಣಿಸಿ 293ರಿಂದ ಭಾಗಿಸಿ: ಸುಮಾರು 22.5. ಹೊರಗಿನ ವಾಯುಭಾರವನ್ನು ಕಳೆದರೆ ಮಾಪಕದಲ್ಲಿ ಕಾಣುವುದು 9.1. ಯಾರೂ ಪಂಪನ್ನು ಮುಟ್ಟದೆಯೇ ಎರಡು ಪಿಎಸ್‌ಐ ಏರಿತು!

ಇದರ ತಿರುವುಮುರುವೂ ಅಷ್ಟೇ ಮುಖ್ಯ. ಮಧ್ಯಾಹ್ನ ಕಾದ ಕೊಳವೆಯಲ್ಲಿ 7 ಪಿಎಸ್‌ಐ ತೋರಿಸಿದರೆ ಸಾಕೆಂದು ಸುಮ್ಮನಾದವರ ಚಪ್ಪರದಲ್ಲಿ ರಾತ್ರಿ 20 ಡಿಗ್ರಿಗೆ ಇಳಿದಾಗ ಉಳಿಯುವುದು ಸುಮಾರು 5 ಮಾತ್ರ. ಮಳೆಗಾಳಿ ಬರುವುದು ಹೆಚ್ಚಾಗಿ ಸಂಜೆ ಮತ್ತು ರಾತ್ರಿ. ಬೇಕಾದ ಹೊತ್ತಿಗೆ ಕಂಬ ಸಡಿಲ. ಆದ್ದರಿಂದ ಸಂಜೆ ತಂಪಾದ ಮೇಲೆ ಒಮ್ಮೆ, ಬಿಸಿಲೇರುವ ಮುನ್ನ ಒಮ್ಮೆ ಒತ್ತಡವನ್ನು ನೋಡಬೇಕು. ಮಾಪಕವಿರುವ ಪಂಪನ್ನೇ ಕೊಳ್ಳಬೇಕು. ಹೆಚ್ಚಾದ ಗಾಳಿಯನ್ನು ತಾನೇ ಬಿಡುವ ಕವಾಟವಿದ್ದರೆ ಇನ್ನೂ ಒಳ್ಳೆಯದು. ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರಿಗೆ ಈ ಕೊಳವೆಯನ್ನು ಕೊಡಲೇಬಾರದು. ಕ್ಷಣಮಾತ್ರದಲ್ಲಿ ಹೊಲಿಗೆ ಬಿರಿದೀತು.

ಹೊರಗಿನ ಗಾಳಿಯ ಲೆಕ್ಕ

ಒಳಗಿನ ಗಾಳಿ ನಮ್ಮ ಆಳು. ಹೊರಗಿನ ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಬಯಲುಸೀಮೆಯಲ್ಲಿ ಮಳೆ ಅಷ್ಟಕ್ಕಷ್ಟೇ ಆದರೂ ಪಶ್ಚಿಮ, ನೈಋತ್ಯ ದಿಕ್ಕಿನಿಂದ ಆಷಾಢದ ಗಾಳಿ ಎಡೆಬಿಡದೆ ಬೀಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಗಾಳಿಗೆ ದಿಕ್ಕೇ ಇಲ್ಲ.

ಬೀಸುವ ಗಾಳಿ ಗೋಡೆಯ ಮೇಲೆ ಹೇರುವ ಒತ್ತಡ ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕಟ್ಟಡಗಳ ಭಾರತೀಯ ಮಾನಕದಲ್ಲಿ ಇದಕ್ಕೊಂದು ಸರಳ ಸೂತ್ರವಿದೆ: ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ವರ್ಗ ಮಾಡಿ 0.6ರಿಂದ ಗುಣಿಸಿದರೆ ಒತ್ತಡ ಪ್ಯಾಸ್ಕಲ್‌ಗಳಲ್ಲಿ ಬರುತ್ತದೆ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ಗಾಳಿಗೆ 60 ಪ್ಯಾಸ್ಕಲ್. ನಾಲ್ಕು ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಚಪ್ಪರದ ಗೋಡೆಯ ವಿಸ್ತಾರ 10 ಚದರ ಮೀಟರ್. ಅದರ ಮೇಲಿನ ಬಲ 600 ನ್ಯೂಟನ್, ಹೆಚ್ಚುಕಡಿಮೆ 60 ಕಿಲೋ ತೂಕದ ಮನುಷ್ಯ ಒರಗಿದಷ್ಟು. ಗಾಳಿ ಗಂಟೆಗೆ 72 ಕಿಲೋಮೀಟರ್ ಆದರೆ ಅಂಥ ನಾಲ್ವರು ಒರಗಿದಷ್ಟು. ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಅಪರೂಪದ ಆ ಬಿರುಗಾಳಿಯ ಮುಂದೆ ಯಾವ ಬಟ್ಟೆಯ ಚಪ್ಪರವೂ ನಿಲ್ಲಲಾರದು. ಮಧ್ಯಮ ಗಾತ್ರದ ಗಾಳಿಚಪ್ಪರದ ತೂಕ ಹದಿನೈದರಿಂದ ಇಪ್ಪತ್ತೈದು ಕಿಲೋ ಅಷ್ಟೇ. ಅದನ್ನು ನೆಲಕ್ಕೆ ಹಿಡಿಯುವುದು ಅದರ ತೂಕವಂತೂ ಅಲ್ಲ, ಕಂಬದೊಳಗಿನ ಗಾಳಿಯೂ ಅಲ್ಲ. ಗೂಟ ಮತ್ತು ಹಗ್ಗ.

ಇನ್ನೊಂದು ಅಪಾಯ ಮೇಲ್ಮುಖವಾದದ್ದು. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರನ್ನೇ ನೆನೆಯಿರಿ. ಅದರ ರೆಕ್ಕೆಗಳ ಮೇಲ್ಬದಿಯಲ್ಲಿ ಒತ್ತಡ ಕಡಿಮೆ, ಕೆಳಬದಿಯಲ್ಲಿ ಹೆಚ್ಚು. ಈ ವ್ಯತ್ಯಾಸವೇ ಟನ್ನುಗಟ್ಟಲೆ ಲೋಹವನ್ನು ಎತ್ತುತ್ತದೆ. ಬಾಗಿದ ಚಪ್ಪರದ ಮೇಲೆ ಗಾಳಿ ಹರಿದಾಗಲೂ ಮೇಲೆ ಒತ್ತಡ ಕುಗ್ಗುತ್ತದೆ. ಅದೇ ವೇಳೆಗೆ ಗಾಳಿಯ ಕಡೆಗೆ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದ ನೂಕುತ್ತದೆ. ಚಪ್ಪರ ಹಾರಲು ಇಷ್ಟು ಸಾಕು. ಆದ್ದರಿಂದ ನಮ್ಮ ಕುಟುಂಬ ಜೂನ್ ಸಂಜೆಯಲ್ಲಿ ಕ್ಯಾರವಾನನ್ನೇ ಪಶ್ಚಿಮಕ್ಕೆ ಗೋಡೆಯಾಗಿ ನಿಲ್ಲಿಸಿ, ಚಪ್ಪರವನ್ನು ಪೂರ್ವದ ಬದಿಗೆ ಹಾಕಬೇಕು. ಜಾತ್ರೆಯ ರೈತ ಬೆನ್ನು ಮಾಡುವುದೆಂದರೆ ಇದೇ.

ಕೊಳ್ಳುವಾಗ ಹಗ್ಗ ಕಟ್ಟುವ ಕುಣಿಕೆಗಳು ಎಷ್ಟಿವೆ, ಅವನ್ನು ಕಂಬಗಳ ಹೊಲಿಗೆಗೇ ಸೇರಿಸಿದ್ದಾರೆಯೇ ಅಥವಾ ಬರಿಯ ಬಟ್ಟೆಗೆ ಹೊಲಿದಿದ್ದಾರೆಯೇ ಎಂದು ಎಳೆದು ನೋಡಿ. ಚೀಲದಲ್ಲಿ ಬರುವ ತೆಳು ತಂತಿಯ ಗೂಟಗಳು ಮೆತ್ತನೆಯ ಹುಲ್ಲು ನೆಲಕ್ಕೆ ಸರಿ. ನಮ್ಮ ಕಲ್ಲುಬೆರೆತ ಕೆಂಪು ಮಣ್ಣು ಬೇಸಿಗೆಯಲ್ಲಿ ಕಾದ ಇಟ್ಟಿಗೆಯಂತೆ, ಅವು ಬಾಗಿಹೋಗುತ್ತವೆ. ಕಮ್ಮಾರರಲ್ಲಿ ಮಾಡಿಸಿದ ಕಬ್ಬಿಣದ ಉದ್ದ ಗೂಟಗಳೇ ಬೇಕು. ಗೂಟದ ತಲೆ ಚಪ್ಪರದಿಂದ ಆಚೆಗೆ ವಾಲಿರಲಿ. ಮಳೆ ನೆಂದ ಮೇಲೆ ಅದೇ ಮಣ್ಣು ಸಡಿಲವಾಗುವುದರಿಂದ ಗೂಟಗಳನ್ನು ಮತ್ತೆ ಬಡಿಯಬೇಕು.

ಬಟ್ಟೆ, ಮಳೆ, ಅಳತೆ

ಬಟ್ಟೆಯ ಜಲನಿರೋಧ ಗುಣವನ್ನು ಮಿಲಿಮೀಟರ್‌ಗಳಲ್ಲಿ ಹೇಳುತ್ತಾರೆ. 3000 ಮಿಲಿಮೀಟರ್ ಎಂದರೆ ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರದ ನೀರಿನ ಕಂಬವನ್ನು ನಿಲ್ಲಿಸಿದರೂ ಅಲ್ಲಿಯವರೆಗೆ ಜಿನುಗುವುದಿಲ್ಲ ಎಂದರ್ಥ. ಬಯಲುಸೀಮೆಯ ಮಳೆಗೆ ಇದು ಧಾರಾಳ. ಸೋರುವುದು ಬಹುತೇಕ ಹೊಲಿಗೆಗಳಲ್ಲಿ. ಹೊಲಿಗೆಗೆ ಒಳಗಿನಿಂದ ಪಟ್ಟಿ ಅಂಟಿಸಿದೆಯೇ ನೋಡಬೇಕು. ಛಾವಣಿಗೆ ಇಳಿಜಾರು ಇರಲೇಬೇಕು. ಒಂದು ಚದರ ಮೀಟರಿನಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ 50 ಕಿಲೋ ಭಾರ. ನಮ್ಮಲ್ಲಿ ಬಟ್ಟೆಯ ನಿಜವಾದ ಶತ್ರು ಬಿಸಿಲು. ನೇರಳಾತೀತ ಕಿರಣಗಳು ವರ್ಷಗಳುದ್ದಕ್ಕೂ ನೂಲನ್ನು ಬಡವಾಗಿಸುತ್ತವೆ. ಆದ್ದರಿಂದ ಬಿಸಿಲು ತಡೆಯುವ ಲೇಪ, ಎದುರುಬದುರಾದ ಜಾಲರಿ ಕಿಟಕಿ, ತಿಳಿಬಣ್ಣದ ಛಾವಣಿ — ಈ ಮೂರನ್ನು ಕೇಳಿ ಪಡೆಯಬೇಕು.

ಅಳತೆಯಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಕ್ಯಾರವಾನಿನ ಬದಿಯಲ್ಲಿ ಒಂದು ಸಣ್ಣ ಗಾಡಿಪಟ್ಟಿ ಇರುತ್ತದೆ. ಚಪ್ಪರದ ಅಂಚಿನ ದಾರವನ್ನು ಅದರೊಳಗೆ ಜಾರಿಸುತ್ತಾರೆ. ಇಡೀ ಬದಿಯನ್ನು ಆವರಿಸುವ ಚಪ್ಪರವಾದರೆ ನೆಲದಿಂದ ಆರಂಭಿಸಿ ಪಟ್ಟಿಯ ಗುಂಟ ಮೇಲೇರಿ, ಛಾವಣಿಯಂಚಿನಲ್ಲಿ ಸಾಗಿ, ಮತ್ತೆ ನೆಲದವರೆಗೆ ಟೇಪು ಹಿಡಿದು ಅಳೆಯಬೇಕು. ಬಾಗಿಲಷ್ಟಕ್ಕೇ ಹಾಕುವ ಕಿರುಚಪ್ಪರಕ್ಕೆ ನೆಲದಿಂದ ಪಟ್ಟಿಯ ಎತ್ತರ ಮುಖ್ಯ. ವಾಹನವನ್ನು ಆಗಾಗ ಹೊರಗೆ ಒಯ್ಯುವವರಿಗೆ, ವಾಹನ ಹೋದರೂ ತಾನೇ ನಿಲ್ಲುವ ಬಿಡಿಚಪ್ಪರ ಲೇಸು.

ಒಳಗೆ ಒಲೆ ಬೇಡ

ಇದು ಪ್ರಾಣದ ಮಾತು, ದಯವಿಟ್ಟು ನೆನಪಿಡಿ. ಮುಚ್ಚಿದ ಚಪ್ಪರದೊಳಗೆ ಇದ್ದಿಲ ಒಲೆ, ಗ್ಯಾಸ್ ಒಲೆ, ಜನರೇಟರ್ ಯಾವುದನ್ನೂ ಉರಿಸಬಾರದು. ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೊಗ್ಲೋಬಿನ್ನನ್ನು ಆಕ್ರಮಿಸಿ ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ತಲೆನೋವು, ಮಂಪರು ಎಂದುಕೊಂಡು ಮಲಗಿದವರು ಏಳದೇ ಹೋಗಬಹುದು. ಚಳಿಗೆಂದು ಒಳಗಿಟ್ಟ ಕೆಂಡದ ಬಾಂಡಲಿಯೂ ಅಷ್ಟೇ ಅಪಾಯಕಾರಿ. ಇನ್ನು ಗುಡುಗು ಕೇಳಿಸಿದರೆ ಬಟ್ಟೆಯ ಚಪ್ಪರ ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡದು. ಪಕ್ಕಾ ಕಟ್ಟಡಕ್ಕೋ, ಪೂರ್ತಿ ಲೋಹದ ಕವಚವುಳ್ಳ ವಾಹನದೊಳಕ್ಕೋ ಹೋಗಿ ಕಿಟಕಿ ಮುಚ್ಚಿಕೊಳ್ಳಬೇಕು.

ಹಾಗಾದರೆ ಯಾವುದು?

ದಿನಕ್ಕೊಂದು ಊರಿನಲ್ಲಿ ತಂಗುವವರಿಗೆ, ಕಂಬ ಜೋಡಿಸುವ ಕೈಗಳು ಕಡಿಮೆ ಇರುವವರಿಗೆ ಗಾಳಿಚಪ್ಪರ ಒಳ್ಳೆಯ ಗೆಳೆಯ. ಹತ್ತಾರು ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನೆಲೆ ನಿಲ್ಲುವವರಿಗೆ ಕಂಬ ಮತ್ತು ಟಾರ್ಪಾಲಿನ ಚಪ್ಪರವೇ ಅಗ್ಗ. ಮುರಿದರೆ ಅಲ್ಲೇ ಸರಿಪಡಿಸಬಹುದು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಊರಿಂದೂರಿಗೆ ಕ್ಯಾಂಪು ಹಾಕುತ್ತ ನಾಡನ್ನೆಲ್ಲ ಸುತ್ತಿತು. ಅಷ್ಟು ದೊಡ್ಡ ಬಿಡಾರವನ್ನು ನಿಲ್ಲಿಸಿದ್ದು ಗಳು, ಹಗ್ಗ ಮತ್ತು ಅದನ್ನು ಕಟ್ಟಲು ಬಲ್ಲ ಕೈಗಳು.

ನಮ್ಮ ಕುಟುಂಬಕ್ಕೆ ಉತ್ತರ ಈಗ ಸ್ಪಷ್ಟ. ದೊಡ್ಡದಕ್ಕಿಂತ ಚಿಕ್ಕ ಚಪ್ಪರ, ದಪ್ಪ ಕಂಬ, ಕಂಬಕ್ಕೊಂದು ಕವಾಟ, ಇಳಿಜಾರು ಛಾವಣಿ, ಕಬ್ಬಿಣದ ಗೂಟ, ಮಾಪಕವಿರುವ ಪಂಪು. ಇವೆಲ್ಲಕ್ಕೂ ಮಿಗಿಲಾಗಿ, ಮೋಡ ಕಪ್ಪಾದೊಡನೆ ಚಪ್ಪರ ಇಳಿಸಿ ಒಳಸೇರುವ ವಿವೇಕ. ಗಾಳಿ ಬಂದಾಗ ತೂರಿಕೋ ಎಂದು ಹೇಳಿದ ನಮ್ಮ ರೈತನಿಗೆ, ಗಾಳಿ ಬಂದಾಗ ಬಿಚ್ಚಿಕೊಳ್ಳಬೇಕಾದದ್ದು ಯಾವುದು ಎಂಬುದೂ ಗೊತ್ತಿತ್ತು.

ಮಾಡಿ ನೋಡಿ

1. ಹಳೆಯ ಬೈಸಿಕಲ್ ಟ್ಯೂಬಿನ ಒಂದು ಅಡಿ ತುಂಡನ್ನು ತೆಗೆದುಕೊಂಡು ಒಂದು ತುದಿಯನ್ನು ಬಿಗಿಯಾಗಿ ಕಟ್ಟಿ. ಬಾಯಿಂದ ಊದಿ ಇನ್ನೊಂದು ತುದಿಯನ್ನೂ ಕಟ್ಟಿ. ಬಗ್ಗಿಸಿದಾಗ ಸುಕ್ಕು ಯಾವ ಬದಿಯಲ್ಲಿ ಮೊದಲು ಕಾಣುತ್ತದೆ? ಅದರ ಮೇಲೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಹೊಲಿದು ಮತ್ತೆ ಪರೀಕ್ಷಿಸಿ.

2. ಸೆಕೆಂಡಿಗೆ 15 ಮೀಟರ್ ವೇಗದ ಗಾಳಿ ನಿಮ್ಮ ಶಾಲೆಯ ಬಾಗಿಲ ಮೇಲೆ ಹೇರುವ ಬಲವನ್ನು, ಬಾಗಿಲನ್ನು ಅಳೆದು ಲೆಕ್ಕ ಹಾಕಿ.

3. ನಿಮ್ಮ ಊರಿನಲ್ಲಿ ಮದುವೆ ಚಪ್ಪರ ಹಾಕುವ ಹಿರಿಯರನ್ನು ಭೇಟಿಯಾಗಿ, ಗೂಟದ ಆಳ ಮತ್ತು ಹಗ್ಗದ ಓರೆಯನ್ನು ಹೇಗೆ ನಿರ್ಧರಿಸುತ್ತೀರಿ ಎಂದು ಕೇಳಿ ಬರೆದುಕೊಳ್ಳಿ. ಅವರ ಉತ್ತರವನ್ನು ನಿಮ್ಮ ಭೌತಶಾಸ್ತ್ರದ ಪುಸ್ತಕದೊಡನೆ ಹೋಲಿಸಿ.